ಉಸಿರು ಕಾದ ಬಸ್ಸು

ಮಲ್ಲಿನಾಥನ ಗೊರಕೆಗೆ ನಾಸಿಕದ ಅವರ ಗಲ್ಲಿಯಲ್ಲಿ ಒಳ್ಳೆಯ ಹೆಸರಿರಲಿಲ್ಲ. ಆದರೆ ಹೆಂಡತಿ ಚನ್ನಮ್ಮನಿಗೆ ಹೆದರಿಕೆ ಗೊರಕೆಯದಲ್ಲ, ಗೊರಕೆ ನಿಂತಾಗಿನದು. ನಿದ್ದೆಯಲ್ಲಿ ಗಂಟಲು ಮುಚ್ಚಿ ಅವನ ಉಸಿರೇ ನಿಂತುಬಿಡುತ್ತಿತ್ತು. ಆಮೇಲೆ ಬಾವಿಯಿಂದ ಮೇಲೆ ಬಂದವನ ಹಾಗೆ ಗಕ್ಕನೆ ಗಾಳಿ ಎಳೆದುಕೊಳ್ಳುತ್ತಿದ್ದ. ರಾತ್ರಿಯೆಲ್ಲ ಈ ಗತಿಯಾದರೆ ಹಗಲೆಲ್ಲ ತೂಕಡಿಕೆ. ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಊದುವ ಪುಟ್ಟ ಮೆಷಿನ್ ಮನೆಗೆ ಬಂದ ಮೇಲೆಯೇ ಗಂಡಹೆಂಡಿರು ಕಣ್ತುಂಬ ನಿದ್ದೆ ಮಾಡಿದ್ದು.

ಆ ಮೆಷಿನ್ನನ್ನು ಈ ಪುಣ್ಯಾತ್ಮ ಕೆನಡಾದಲ್ಲಿ ಟ್ಯಾಕ್ಸಿಯೊಳಗೆ ಬಿಟ್ಟು ಇಳಿದಿದ್ದ. ದಾರಿಯುದ್ದಕ್ಕೂ ಪಾಸ್‌ಪೋರ್ಟನ್ನು ನೂರು ಸಲ ಮುಟ್ಟಿ ನೋಡಿಕೊಂಡವನಿಗೆ, ಪ್ರಾಣ ಕಾಯುವ ಚೀಲದ ನೆನಪೇ ಆಗಲಿಲ್ಲ!

ಹೋದದ್ದೇನು ಮೋಜಿಗಲ್ಲ. ನಾಸಿಕದ ಪಕ್ಕದ ಓಝರ್ ಹತ್ತಿರ ವಿಮಾನದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಟೆಕ್ನಿಶಿಯನ್. ಕತ್ತಲ ಕೋಣೆಯಲ್ಲಿ ನೀಲಿ ದೀಪ ಹಿಡಿದು ಲೋಹದ ಕೂದಲೆಳೆಯಂಥ ಬಿರುಕು ಹುಡುಕುವ ತರಬೇತಿ, ಕೊನೆಗೊಂದು ಪರೀಕ್ಷೆ ಕೆನಡಾದಲ್ಲಿತ್ತು. ಅದರಲ್ಲಿ ಪಾಸಾದರೆ ಇನ್‌ಸ್ಪೆಕ್ಟರ್. ಹಿಂದೆ ಎರಡು ಸಲ ತೂಕಡಿಕೆಯಿಂದಲೇ ಅವನ ಹೆಸರು ಪಟ್ಟಿಯಿಂದ ಹಾರಿಹೋಗಿತ್ತು. ಸಹೋದ್ಯೋಗಿಗಳು ಕೊಟ್ಟ ‘ಝೋಪಾಳೂ’, ಅಂದರೆ ನಿದ್ದೆಬಡುಕ, ಎಂಬ ಬಿರುದು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಈಗ ಮೆಷಿನ್ ಇಲ್ಲದೆ ಒಂದು ರಾತ್ರಿ ಕಳೆದದ್ದೇ ತಡ, ತರಬೇತಿಯ ಕತ್ತಲ ಕೋಣೆಯಲ್ಲಿ ನಿಂತಲ್ಲೇ ನಿದ್ದೆ ಹೋದ. ನಾಳೆ ಬೆಳಿಗ್ಗೆ ಪರೀಕ್ಷೆಯಲ್ಲೂ ಕಣ್ಣು ಮುಚ್ಚಿದರೆ ಸೀದಾ ಊರಿಗೆ ವಾಪಸ್ಸು ಎಂದು ಪರೀಕ್ಷಕ ಮುಖಕ್ಕೆ ಹೇಳಿಬಿಟ್ಟ.

ಡಾಕ್ಟರ ಹೊಸ ಚೀಟಿ ಇಲ್ಲದೆ ಅಲ್ಲಿನ ಅಂಗಡಿಯವರು ಮೆಷಿನ್ ಕೊಡುವುದಿಲ್ಲ. ಡಾಕ್ಟರು ಇರುವುದು ಛತ್ರಪತಿ ಸಂಭಾಜಿನಗರದಲ್ಲಿ, ಹಳೆಯ ಫೈಲು ಇರುವುದು ನಾಸಿಕದ ಕಪಾಟಿನಲ್ಲಿ. ಫೋಟೋ ಸಾಲದು, ಮಧ್ಯಾಹ್ನ ಎರಡರೊಳಗೆ ಫೈಲನ್ನೇ ತಂದು ತೋರಿಸಿದರೆ ಬರೆದುಕೊಡುತ್ತೇನೆ ಎಂದರು ಡಾಕ್ಟರು. ಮೆಷಿನ್ ಸಿಗುವ ತನಕ ಮಲ್ಲಿನಾಥ ತಲೆ ಎತ್ತರಿಸಿ ಮಗ್ಗುಲಾಗಿಯೇ ಮಲಗಬೇಕು, ಅಂಗಾತ ಮಲಗಕೂಡದು ಎಂದೂ ಎಚ್ಚರಿಸಿದರು.

“ನಿದ್ದಿಯೊಳಗ ನನಗೇನ್ ಗೊತ್ತಾಗ್ತದ? ಹೊರಳಿಬಿಡ್ತೀನಿ,” ಎಂದು ಮಲ್ಲಿನಾಥ ಫೋನಿನಲ್ಲಿ ಅಳುಮೋರೆ ಮಾಡಿದ.

“ನಿಮಗ ರಾತ್ರಿ ಆದಾಗ ನನಗ ಹಗಲಲ್ಲೇನ್ರೀ? ಫೋನ್ ದಿಂಬಿನ ಮ್ಯಾಲ ಇಟ್ಕೊಂಡು ಮಲಗ್ರಿ. ನಾ ಕೇಳ್ಕೋತ ಇರ್ತೀನಿ,” ಎಂದಳು ಚನ್ನಮ್ಮ.

ಕೆನಡಾದಲ್ಲಿ ರಾತ್ರಿ ಹತ್ತಾದಾಗ ನಾಸಿಕದಲ್ಲಿ ಬೆಳಗಿನ ಏಳೂವರೆ. ಚನ್ನಮ್ಮ ಫೈಲನ್ನು ಕಂಕುಳಲ್ಲಿ ಅವುಚಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಂಭಾಜಿನಗರದ ಎಸ್‌ಟಿ ಬಸ್ಸು ಹತ್ತಿದಳು. ನಿಫಾಡ್ ದಾಟುವವರೆಗೆ ಗೊರಕೆ ಹದವಾಗಿತ್ತು. ಆಮೇಲೆ ಫಕ್ಕನೆ ನಿಂತಿತು. ಅವಳು ಹತ್ತು ಎಣಿಸಿದಳು.

“ರೀ! ಮಗ್ಗಲಾಗ್ರಿ!”

ಇಡೀ ಬಸ್ಸು ತಿರುಗಿ ನೋಡಿತು. ಕಿವಿಯಲ್ಲಿ ಮಂಚ ಕಿರುಗುಟ್ಟಿತು, ಉಸಿರು ಹರಿಯಿತು. ಪಕ್ಕದಲ್ಲಿದ್ದ ಮರಾಠಿ ಅಜ್ಜಿಗೆ ಚನ್ನಮ್ಮ ತನ್ನ ಹರಕುಮುರುಕು ಮರಾಠಿಯಲ್ಲಿ ವಿಷಯವೆಲ್ಲ ಹೇಳಿದಳು. ಅಜ್ಜಿ ಅದನ್ನು ಹಿಂದಿನ ಸೀಟಿಗೆ ದಾಟಿಸಿದಳು. ಬಸ್ಸಿನಲ್ಲಿ ಸುದ್ದಿಗೆ ಟಿಕೆಟ್ ಬೇಡವಲ್ಲ, ಯೇವಲಾ ಬರುವಷ್ಟರಲ್ಲಿ ಅದು ಡ್ರೈವರನ್ನೂ ಮುಟ್ಟಿತ್ತು.

ವೈಜಾಪುರದ ಹತ್ತಿರ ಗೊರಕೆ ಮತ್ತೆ ನಿಂತಿತು. “ರೀ!” ಎಂದಳು. ಸದ್ದಿಲ್ಲ. “ರೀ, ಏಳ್ರೀ!” ಊಹೂಂ. ಮೂವತ್ತು ವರ್ಷದಿಂದ ಅದೇ ‘ರೀ’ ಕೇಳಿ ಕೇಳಿ ಆ ಕಿವಿಗೆ ಅದು ಫ್ಯಾನಿನ ಸದ್ದಿನಂತಾಗಿತ್ತು. ಹದಿನೈದು. ಇಪ್ಪತ್ತು. ಅವನ ಹೆಸರು ಚನ್ನಮ್ಮನ ನಾಲಿಗೆಯ ತುದಿಯಲ್ಲಿತ್ತು, ಆದರೆ ಹೊರಗೆ ಬರಲೊಲ್ಲದು. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ವಿಜಯಪುರದ ತವರಿನಲ್ಲಿ ಹೇಳಿಸಿಕೊಂಡು ಬೆಳೆದವಳು ಅವಳು. ಮದುವೆಯಲ್ಲಿ ಒಡಪು ಕಟ್ಟಿ ಒಮ್ಮೆ ಹೇಳಿದ್ದು ಬಿಟ್ಟರೆ ಇಲ್ಲಿಯತನಕ ಆ ಹೆಸರು ಎತ್ತಿರಲಿಲ್ಲ.

ಅಜ್ಜಿಗೆ ಅರ್ಥವಾಯಿತು. ಅವರಲ್ಲೂ ಅದೇ ಕಟ್ಟಳೆ. ಆಕೆ ಚನ್ನಮ್ಮನ ತೊಡೆಗೆ ಬಡಿದು, “ನಾವ್ ಘೇ ಗ ಬಾಯಿ, ನಾವ್ ಘೇ!” ಎಂದು ಗದರಿದಳು. ಹೆಸರು ಹೇಳೇ ತಾಯಿ, ಹೇಳು!

ಚನ್ನಮ್ಮ ಎದ್ದು ನಿಂತಳು. ಆಯುಷ್ಯ ಉಳಿಸುವುದಕ್ಕೇ ಹೆಸರು ಬೇಕಾದಾಗ ಇನ್ನೆಂಥ ಕಟ್ಟಳೆ!

“ಮಲ್ಲಿನಾಥಾ! ಏ ಮಲ್ಲಿನಾಥಾ! ಹೊರಳೋ ಆಕಡೆ!”

ಬಸ್ಸು ಉಸಿರು ಬಿಗಿಹಿಡಿಯಿತು. ಅತ್ತ ಕೆನಡಾದಲ್ಲಿ ಗಕ್ಕನೆ ಗಾಳಿ ಒಳಗೆಳೆದ ಸದ್ದು. ಆಮೇಲೆ ನಿದ್ದೆಗಣ್ಣಿನ ದನಿ: “ಯಾಕ, ಅವ್ವಾ?”

“ಅವ್ವ ಅಲ್ರೀ, ನಾನು! ಮಗ್ಗಲಾಗ್ರಿ!” ಎನ್ನುತ್ತ ಚನ್ನಮ್ಮ ಅಳುತ್ತಳುತ್ತಲೇ ನಕ್ಕಳು. ಬಸ್ಸಿನ ತುಂಬ ಚಪ್ಪಾಳೆ.

ಅಲ್ಲಿಂದ ಮುಂದೆ ಅವಳೊಬ್ಬಳದೇ ದುಡಿಮೆಯಾಗಿ ಉಳಿಯಲಿಲ್ಲ. ಅವಳು ಬೆರಳೆತ್ತಿದರೆ ಸಾಕು, ಕಂಡಕ್ಟರ್, ಕಾಲೇಜು ಹುಡುಗಿಯರು, ಅಜ್ಜಿ ಎಲ್ಲ ಸೇರಿ “ಮಲ್ಲಿನಾಥ!” ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಬಸ್ಸು ಸಂಭಾಜಿನಗರ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಡಾಕ್ಟರು ಫೈಲು ತಿರುವಿ ಚೀಟಿ ಬರೆಯುತ್ತಿದ್ದಾಗಲೂ ಅವಳು ಮಧ್ಯೆ ಒಮ್ಮೆ ಗಂಡನ ಹೆಸರು ಕೂಗಿದಳು. ಡಾಕ್ಟರ ಪೆನ್ನು ಕೈಯಿಂದ ಜಾರಿತು. ಚೀಟಿಯ ಫೋಟೋ ಅಂಗಡಿಗೆ ಹೋಯಿತು, ಅಲ್ಲಿನ ಮಧ್ಯಾಹ್ನ ಮೆಷಿನ್ ಕೊಡುತ್ತೇವೆಂದು ಅಂಗಡಿಯ ಕಂಪ್ಯೂಟರಿನಿಂದ ತಾನಾಗಿಯೇ ಉತ್ತರವೂ ಬಂತು. ಮೂರೂವರೆಗೆ, ಅಂದರೆ ಅಲ್ಲಿನ ಬೆಳಗಿನ ಆರಕ್ಕೆ, ಗಂಡನನ್ನು ಎಬ್ಬಿಸಿ, ಸ್ನಾನಕ್ಕೆ ಕಳಿಸಿದ ಮೇಲೆಯೇ ಅವಳು ಇಯರ್‌ಫೋನ್ ಕಿತ್ತದ್ದು. ಕಿವಿ ಕೆಂಡದಂತಾಗಿತ್ತು.

ಪರೀಕ್ಷೆ ಮುಗಿಯುವವರೆಗೆ ಊರಿಗೆ ಹೊರಡಲು ಮನಸ್ಸಾಗಲಿಲ್ಲ. ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ನಾಸಿಕದ ಎರಡು ಬಸ್ಸು ಬಿಟ್ಟಳು. ರಾತ್ರಿ ಎಂಟಕ್ಕೆ ಫೋನು ಬಂತು.

“ಹನ್ನೊಂದು ಬಿರುಕು ಇದ್ದವು. ಹನ್ನೊಂದೂ ಹಿಡದೀನಿ! ಪಾಸ್! ಒಂದು ಆಕಳಿಕಿ ಸೈತ ಬರಲಿಲ್ಲ ನೋಡು!”

ಇಪ್ಪತ್ತಾರು ವರ್ಷದ ನಗೆಪಾಟಲನ್ನು ಗಂಡ ಒಂದು ಬೆಳಿಗ್ಗೆಯಲ್ಲಿ ತೊಳೆದು ಹಾಕಿದ್ದ, ಅವಳಿಗೆ ಇನ್ನೇನೂ ಬೇಕಾಗಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಪರೀಕ್ಷಕ ಬೆರಗಾಗಿಬಿಟ್ಟ,” ಎಂದ ಮಲ್ಲಿನಾಥ. “ನಿನ್ನಿ ನಿಂತಲ್ಲೇ ಮಲಗಿದ್ದಿ, ಮೆಷಿನ್ ಇಲ್ದ ಒಂದ ರಾತ್ರಿಯೊಳಗ ಇಷ್ಟು ಚಲೋ ನಿದ್ದಿ ಹೆಂಗ ಮಾಡಿದಿ ಅಂತ ಕೇಳಿದ.”

“ಏನಂದ್ರಿ ನೀವು?”

“ನನ್ನ ಹೇಂತಿ ಎಚ್ಚರ ಇದ್ದಳು ಅಂದೆ.”