ದೋಣಿ ನಡೆಸುವವಳು

“ಅಲ್ಲಿಗೆ ನೀವೇ ಒಪ್ಕೊಂಡ ಹಾಗಾಯ್ತು,” ಎನ್ನುತ್ತ ಸರ್ಕಾರಿ ವಕೀಲರು ಹೇಳಿಕೆಯ ಹಾಳೆಯನ್ನು ಜಡ್ಜ್ ಕಡೆಗೆ ಎತ್ತಿ ಹಿಡಿದರು. “‘ಬೇಸಿಗೆಯಲ್ಲಿ ದೋಣಿ ನಡೆಸುತ್ತೇವೆ.’ ಓಡಿಸುತ್ತೇವೆ ಅಂತ ಬರೆಸಿಲ್ಲ. ಅಂದ್ರೆ ನೀರಿಗಿಳಿದು, ಹಗ್ಗ ಹಿಡಿದು ಎಳ್ಕೊಂಡು ನಡೀತೀರಿ. ಹೌದೋ ಅಲ್ವೋ?”

“ನೀರು ಇಳಿದಾಗ ಹೌದು,” ಎಂದಳು ಕಟಕಟೆಯಲ್ಲಿದ್ದ ದೋಣಿಯವಳು.

ಅವಳ ಪರದ ವಕೀಲೆ, ಕಪ್ಪು ಕೋಟು ಇನ್ನೂ ಮೈಗೆ ಒಗ್ಗದ ಹುಡುಗಿ, ತಲೆಯ ಮೇಲೆ ಕೈ ಹೊತ್ತು ಕುಳಿತಳು. ಮೊಕದ್ದಮೆ ನಿಂತಿದ್ದೇ ಈ ಒಂದು ಎಳೆಯ ಮೇಲೆ. ಕಾನೂನಿನ ಪ್ರಕಾರ ದೋಣಿ ಓಡಾಡುವ ಹೊಳೆಗೆ ಸರ್ಕಾರವೂ ತನ್ನಿಷ್ಟದಂತೆ ಅಡ್ಡ ಕಟ್ಟುವಂತಿಲ್ಲ. ಆಚೆ ದಡ ಬೇರೆ ದೇಶದ್ದು, ಜನ ಕದ್ದು ನುಸುಳುತ್ತಾರೆ ಎಂದು ನಡುಹೊಳೆಯಲ್ಲಿ ಆಳೆತ್ತರದ ಕಿತ್ತಳೆ ಬಣ್ಣದ ಟೊಳ್ಳು ಗುಂಡುಗಳನ್ನು ಸರಪಳಿಗೆ ಪೋಣಿಸಿ ತೇಲಿಬಿಟ್ಟು ನಾಲ್ಕು ತಿಂಗಳಾಗಿತ್ತು. ಅದನ್ನು ತೆಗೆಸಿ ಎಂದು ದೋಣಿಯವಳು ಮೊಕದ್ದಮೆ ಹೂಡಿದರೆ, ಅಲ್ಲಿ ದೋಣಿಯೇ ಓಡಾಡುವುದಿಲ್ಲವಲ್ಲ ಎಂದು ಸರ್ಕಾರ ಕೈತೊಳೆದುಕೊಂಡಿತ್ತು.

ದೋಣಿಯವಳ ಅಕ್ಕನನ್ನು ಕೊಟ್ಟಿದ್ದು ಆಚೆ ದಡಕ್ಕೆ. ಅವಳದೂ ಅದೇ ಕಸುಬು. ಎರಡೂ ಕಡೆಯ ಪರವಾನಗಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಅಕ್ಕತಂಗಿಯರು ದಿನಕ್ಕೆ ನಾಲ್ಕು ಸಲ ನಡುನೀರಿನಲ್ಲಿ ಎದುರಾಗಿದ್ದರು; ಅಲ್ಲೇ ಜಗಳವಾಡಿದ್ದರು, ಮಕ್ಕಳ ಮದುವೆ ಕುದುರಿಸಿದ್ದರು, ಅಮ್ಮ ತೀರಿಕೊಂಡ ಸುದ್ದಿಯನ್ನೂ ಅಲ್ಲೇ ಹೇಳಿಕೊಂಡಿದ್ದರು. ಈಗ ಒಬ್ಬೊಬ್ಬರು ಒಂದೊಂದು ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಬೇಕು. ಅಕ್ಕನಿಗೆ ಮೊದಲೇ ಕಿವಿ ಮಂದ. ಅದನ್ನು ನೆನೆದಾಗಲೆಲ್ಲ ದೋಣಿಯವಳಿಗೆ ಮೈಯೆಲ್ಲ ಉರಿಯುತ್ತಿತ್ತು.

“ನಡ್ಕೊಂಡು ದಾಟೋ ಜಾಗನ ದೋಣಿ ದಾರಿ ಅಂತಾರೇನಮ್ಮಾ?” ವಕೀಲರು ಗೆದ್ದವರಂತೆ ನಕ್ಕರು.

ಅವಳು ಜಡ್ಜ್ ಕಡೆ ತಿರುಗಿದಳು. “ಸ್ವಾಮಿ, ನಿಮ್ಮ ಕೆಲ್ಸ ಏನು ಅಂತ ಯಾರಾದ್ರೂ ಕೇಳಿದ್ರೆ ಏನಂತೀರಿ?”

“ಇಲ್ಲಿ ಪ್ರಶ್ನೆ ಕೇಳೋದು ನೀವಲ್ಲ!” ವಕೀಲರು ಅಡ್ಡ ಬಂದರು. ಜಡ್ಜ್ ಅವರನ್ನು ಕೈಯಲ್ಲೇ ತಡೆದು, “ಕೋರ್ಟ್ ನಡೆಸ್ತೀನಿ,” ಎಂದರು.

“ನೋಡಿ ಮತ್ತೆ! ಕೋರ್ಟಿಗೆ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತೀರಾ? ನಮ್ಮಮ್ಮ ಸಂಸಾರ ನಡೆಸಿದ್ಲು, ಅದೇನು ಕಾಲು ಬಂದು ನಡೀತಾ? ಹೊಳೆ ತುಂಬಿದಾಗ ಹುಟ್ಟು ಹಾಕ್ತೀವಿ, ಇಳಿದಾಗ ಗಳ ಊರ್ತೀವಿ, ತಳ ತಾಗಿದ್ರೆ ಇಳಿದು ಎಳೀತೀವಿ. ಎಲ್ಲಕ್ಕೂ ನಮ್ಮಲ್ಲಿ ಒಂದೇ ಮಾತು, ನಡೆಸೋದು. ದೋಣಿ ಓಡಿಸ್ಕೊಂಡು ಹೋಗೋರು ಕಳ್ಳರು. ಹಂಗಂತ ಬರೆಸಿದ್ರೆ ಇವರು ಇಷ್ಟೊತ್ತಿಗೆ ನನ್ನ ಕೈಗೆ ಬೇಡಿ ಹಾಕ್ಸಿರೋರು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ.

“ಇನ್ನೊಂದು ಬರ್ಕೊಳ್ಳಿ. ನಾನು ಎಳೆದಾಗ್ಲೂ ದೋಣೀಲಿ ಹನ್ನೆರಡು ಜನ ಕೂತಿರ್ತಿದ್ರು. ಅವರ ಕಾಲು ಯಾವತ್ತೂ ಒದ್ದೆ ಆಗಿಲ್ಲ. ಒದ್ದೆ ಆಗಿದ್ದು ನನ್ನದು.”

ವಕೀಲರು ಕೈಲಿದ್ದ ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ಜಡ್ಜ್ ತುಸು ಹೊತ್ತು ಕಾಗದಪತ್ರ ಮಗುಚಿ ನೋಡಿ, ಬೆರಳಚ್ಚುಗಾರನಿಗೆ ಆದೇಶ ಹೇಳತೊಡಗಿದರು. ಕೊನೆಯ ತೀರ್ಪು ಬರುವ ತನಕ ಗುಂಡುಗಳ ಸಾಲಿನಲ್ಲಿ ದೋಣಿ ಹೋಗುವಷ್ಟು ಜಾಗ ಬಿಡಿಸಬೇಕು. ವಕೀಲೆ ತಟ್ಟನೆ ತಲೆಯೆತ್ತಿದಳು. ಸರ್ಕಾರದ ಇಂಜಿನಿಯರ್ ಡೈರಿ ಬಿಚ್ಚಿಕೊಂಡು ಎದ್ದು ನಿಂತ.

“ನಿಮ್ಮ ದೋಣಿ ಅಗಲ ಎಷ್ಟಮ್ಮಾ?” ಎಂದು ಜಡ್ಜ್ ಕೇಳಿದರು.

“ಎರಡು ದೋಣಿಯಷ್ಟು ಬೇಕು ಸ್ವಾಮಿ.”

“ನಿಮ್ಮದು ಇರೋದು ಒಂದೇ ಅಲ್ವಾ?”

“ಎದುರಿಂದ ನಮ್ಮಕ್ಕ ಬರ್ತಾಳಲ್ಲ.”

“ಅದು ಪರದೇಶದ ದೋಣಿ!” ಸರ್ಕಾರಿ ವಕೀಲರು ಕುರ್ಚಿಯಿಂದ ಎಗರಿ ಎದ್ದರು. “ಆ ದೋಣಿ ಈ ಮೊಕದ್ದಮೇಲೇ ಇಲ್ಲ!”

“ಹೊಳೇಲಿ ಇದೆ,” ಎಂದಳು ದೋಣಿಯವಳು.

ಆಮೇಲೆ, ಎಷ್ಟಗಲ ಎಂದು ತೋರಿಸಲು, ಎರಡೂ ಕೈಗಳನ್ನು ಕಟಕಟೆಯ ಕಂಬಿಗಳಿಂದಾಚೆಗೆ ಚಾಚಿದಳು. ಬೆರಳಚ್ಚುಗಾರ ಜಡ್ಜ್ ಮುಖ ನೋಡುತ್ತ ಕಾಯುತ್ತಿದ್ದ. ಅವಳು ಕೈ ಇಳಿಸಲಿಲ್ಲ.