ಬೆಳಕಿಗೆ ಹಿಡಿದ ಗರಿ

ಒದ್ದೆ ಹೊದಿಕೆಯ ಎರಡು ಮೂಲೆ ಹಿಡಿದು ಜೋರಾಗಿ ಝಾಡಿಸಿ, ತಂತಿಗೆ ಹಾಕುವ ಮೊದಲು ಮುದುಕಿ ಅದನ್ನು ಆಕಾಶಕ್ಕೆ ಅಡ್ಡವಾಗಿ ಎತ್ತಿ ಹಿಡಿದಳು. ತಂತಿಯ ಆಚೆ ಬದಿಯಲ್ಲಿ ಕ್ಲಿಪ್ಪು ಸಿಕ್ಕಿಸುತ್ತಿದ್ದ ಸೊಸೆಗೆ ನಗು ಬಂತು.

“ಅತ್ತೆ, ಅದು ನಮ್ಮನೆ ಮಂಚದ್ದೇ. ಪಾಸಾಯ್ತಾ, ಫೇಲಾಯ್ತಾ?”

“ಕಾಲಿನ ಕಡೆ ನೂಲು ಸವೆದಿದೆ. ಇನ್ನೊಂದು ವರ್ಷ ಬರತ್ತೆ, ಬಿಡು.”

ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಅವಳ ಕೆಲಸ ಇದೇ ಆಗಿತ್ತು. ಬಣ್ಣದ ತೊಟ್ಟಿಯಿಂದ ಎದ್ದುಬಂದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು, ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಹೇಳುವುದು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಹದ್ದುಗಣ್ಣಮ್ಮ ಎಂದರೆ ಸಾಕಿತ್ತು. ಹದ್ದುಗಣ್ಣಮ್ಮ ಬೇಡವೆಂದ ಬಟ್ಟೆಯನ್ನು ಮ್ಯಾನೇಜರೂ ಬೇಕೆನ್ನುತ್ತಿರಲಿಲ್ಲ.

ತಂತಿಯ ಒಂದು ತುದಿ ಕಟ್ಟಿದ್ದ ಹಿತ್ತಲ ಮರಕ್ಕೆ ಸೊಸೆ ತೂಗುಬಿಟ್ಟಿದ್ದ ಕಾಳಿನ ತಟ್ಟೆ ಅಲುಗಿತು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಹಕ್ಕಿಯೊಂದು ಅಂಚಿನ ಮೇಲೆ ಕೂತಿತ್ತು.

“ಯಾರೋ ಹೊಸಬರು ಬಂದಿದಾರೆ,” ಸೊಸೆ ಪಿಸುಗುಟ್ಟಿದಳು. “ಎಂಥಾ ನೀಲಿ ನೋಡಿ ಅತ್ತೆ!”

“ನೀಲಿ ಎಲ್ಲಿಂದ ಬಂತೇ? ಕಂದು ಅದು. ಯಾವುದೋ ಹೆಣ್ಣು ಗುಬ್ಬಿ.”

“ಅಯ್ಯೋ, ಅಪ್ಪಟ ನೀಲಿ!”

ಕಣ್ಣು ತೋರಿಸಿಕೋ ಹೋಗು ಎನ್ನಲು ಮುದುಕಿ ಬಾಯಿ ತೆರೆದಳು. ಅಷ್ಟರಲ್ಲಿ ನೆನಪಾಯಿತು. ಅದೇ ಮಾತನ್ನು ಅವಳು ಹೋದ ವರ್ಷ ಕಾಗದದಲ್ಲಿ ಬರೆದು ಅಕ್ಕನಿಗೆ ಕಳಿಸಿದ್ದಳು.

ದೂರದೂರಿನ ಅಕ್ಕ ಒಂದು ಪುಟ್ಟ ಗರಿ ಕಳಿಸಿ, ‘ನಮ್ಮ ಹಿತ್ತಲಿಗೆ ಬರುವ ನೀಲಿ ಹಕ್ಕಿಯದು, ಯಾವುದೆಂದು ಹೇಳು’ ಎಂದು ಕೇಳಿದ್ದಳು. ತಂಗಿ ಗರಿಯನ್ನು ಕಿಟಕಿಗೆ ಹಿಡಿದು ನೋಡಿದಳು. ಕಂದು. ನೀಲಿಯ ಸುಳಿವೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಅಕ್ಕ ಎಂಟನೆಯ ವಯಸ್ಸಿನಿಂದ ಕಸೂತಿ ಹಾಕಿದವಳು. ಅವಳ ಉತ್ತರ ಎರಡೇ ಸಾಲು: ‘ಬಣ್ಣದ ವಿಷಯದಲ್ಲಿ ನೀನು ತಪ್ಪಿದವಳಲ್ಲ. ದಾರದ ಪೆಟ್ಟಿಗೆ ಮುಚ್ಚಿಟ್ಟಿದ್ದೇನೆ, ಯಾರಿಗಾದರೂ ಕೊಟ್ಟುಬಿಡುತ್ತೇನೆ.’ ಅದಕ್ಕೆ ಏನು ಬರೆಯಬೇಕೆಂದು ತೋಚದೆ ಹನ್ನೊಂದು ತಿಂಗಳಾಗಿತ್ತು. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಎಂದು ಮೂರು ಸಲ ಶುರುಮಾಡಿ, ಮೂರು ಸಲವೂ ಹರಿದು ಹಾಕಿದ್ದಳು.

ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸದ್ದಿಲ್ಲದೆ ಬಗ್ಗಿ, ತಂತಿಯ ಕೆಳಗಿಂದ ಸೊಸೆಯ ಬದಿಗೆ ಬಂದಳು. ಈಗ ಸೂರ್ಯ ಬೆನ್ನ ಹಿಂದಿದ್ದ. ಹಕ್ಕಿ ಕದಲಿರಲಿಲ್ಲ. ತಲೆಯಿಂದ ಬಾಲದವರೆಗೆ ನೀಲಿ.

“ಅಲ್ಲೇ ಇದ್ದದ್ದೇನೇ ಇದು? ಇನ್ನೊಂದು ಬಂದು ಕೂತಿಲ್ಲ ತಾನೇ?”

“ನಿಮ್ಮನ್ನ ಮರುಳು ಮಾಡೋಕೆ ಅದು ಸೀರೆ ಬದಲಾಯಿಸ್ತಾ ಅತ್ತೆ?”

ಮುದುಕಿ ನಗಲಿಲ್ಲ. ಮತ್ತೆ ಬಗ್ಗಿ ಆಚೆ ಹೋದಳು: ಕಂದು. ಈಚೆ ಬಂದಳು: ನೀಲಿ. ಮೂರನೆಯ ಸಲಕ್ಕೆ ಹಕ್ಕಿಗೇ ಬೇಸರವಾಗಿ ಹಾರಿಹೋಯಿತು.

ಸೊಸೆ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಂದ ತಂದಿಟ್ಟಿದ್ದ ಹಕ್ಕಿಗಳ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ದಪ್ಪ, ಮೊಂಡು ಕೊಕ್ಕು. ಕಾಳು ಒಡೆಯುವ ಕೊಕ್ಕು. ಹಾಳೆ ತಿರುವುತ್ತ ತಿರುವುತ್ತ ಸಿಕ್ಕೇಬಿಟ್ಟಿತು. ನೀಲಿ ಕಾಳುಗುಬ್ಬಿ, ಗಂಡು.

“ಕೇಳಿ ಇಲ್ಲಿ. ಎದುರು ಬೆಳಕಿನಲ್ಲಿ ಕಂದಾಗಿ, ಕಪ್ಪಾಗಿ ಕಾಣುತ್ತದಂತೆ. ಗರಿಯಲ್ಲಿ ನೀಲಿ ಬಣ್ಣವೇ ಇರಲ್ವಂತೆ. ಮೇಲೆ ಬಿದ್ದ ಬೆಳಕು ವಾಪಸ್ ಬಂದಾಗ ಮಾತ್ರ ನೀಲಿ.”

“ಬಣ್ಣಕ್ಕೆ ಅದ್ದದೇನೇ ನೀಲಿನಾ? ಗಿರಣಿಯೋರು ಕೇಳಿದ್ರೆ ಎದೆ ಒಡ್ಕೊಂಡು ಸಾಯ್ತಾರೆ.”

ಅಂದಳೇ ಹೊರತು ಕೈ ಆಗಲೇ ಕಪಾಟಿನಲ್ಲಿತ್ತು. ಅಕ್ಕನ ಕಾಗದದ ಮಡಿಕೆಯಿಂದ ಗರಿ ತೆಗೆದು ಕಿಟಕಿಗೆ ಹಿಡಿದಳು. ಕಂದು. ಕಪ್ಪು ಬಟ್ಟೆಯ ಮೇಲಿಟ್ಟು, ಕಿಟಕಿಗೆ ಬೆನ್ನು ಮಾಡಿ ನಿಂತಳು. ಇಷ್ಟು ವರ್ಷದಲ್ಲಿ ಎಷ್ಟೋ ನೀಲಿಗಳನ್ನು ತೂಗಿ ನೋಡಿದ ಕಣ್ಣು ಆ ನೀಲಿಯ ಮೇಲೆ ಬಹಳ ಹೊತ್ತು ನಿಂತಿತು.

“ಫೋನ್ ಮಾಡಿಬಿಡಿ ದೊಡ್ಡತ್ತೆಗೆ,” ಎಂದಳು ಸೊಸೆ.

“ಫೋನಲ್ಲಿ ಅವಳಿಗೆ ಅರ್ಧ ಕೇಳಲ್ಲ. ಕೇಳಿದ್ದನ್ನೂ ತಂಗಿ ಸಮಾಧಾನಕ್ಕೆ ಹೇಳಿದಳು ಅಂದ್ಕೋತಾಳೆ. ನಾನು ಬರೆದಿದ್ದನ್ನ ನಂಬಿದಳಲ್ಲ, ಬರೆದೇ ತಿದ್ದಬೇಕು. ಪೆನ್ನು ಕೊಡು.”

ಈ ಸಲ ಪೆನ್ನು ಎಲ್ಲೂ ತಡವರಿಸಲಿಲ್ಲ.

‘ಅಕ್ಕ, ನಿನ್ನ ಹಕ್ಕಿ ನೀಲಿ ಕಾಳುಗುಬ್ಬಿ. ನಿನ್ನ ಕಣ್ಣು ಸರಿಯಾಗಿದೆ. ನಾನು ಗರಿಯನ್ನು ಬಟ್ಟೆಯಂತೆ ಬೆಳಕಿಗೆ ಅಡ್ಡ ಹಿಡಿದೆ, ಮೋಸಹೋದೆ. ಗರಿ ಇದರೊಳಗಿದೆ. ಕಪ್ಪು ಬಟ್ಟೆಯ ಮೇಲಿಟ್ಟು, ಕಿಟಕಿಗೆ ಬೆನ್ನು ಕೊಟ್ಟು ನೀನೇ ನೋಡು. ಪೆಟ್ಟಿಗೆ ಯಾರಿಗಾದರೂ ಕೊಟ್ಟಿದ್ದರೆ ನಾಚಿಕೆ ಬಿಟ್ಟು ವಾಪಸ್ ಕೇಳು. ತಂಗಿಗೆ ಬುದ್ಧಿ ಇರಲಿಲ್ಲ ಅನ್ನು.’

“ದಾರಿಯಲ್ಲೇ ಅಂಚೆಡಬ್ಬಿ, ನಾನೇ ಹಾಕ್ತೀನಿ ಕೊಡಿ,” ಎಂದಳು ಸೊಸೆ, ಕೆಲಸಕ್ಕೆ ಹೊರಟು.

“ನಿನ್ನ ಬ್ಯಾಗಲ್ಲಿ ಇನ್ನೊಂದು ಹನ್ನೊಂದು ತಿಂಗಳು ಇರತ್ತೆ. ಆಚೆ ಸರಿ.”

ಬೀದಿಯ ತಿರುವಿನವರೆಗೆ ಅವಳೇ ನಡೆದಳು. ಲಕೋಟೆಯನ್ನು ಡಬ್ಬಿಯ ಬಾಯಿಗೆ ತುರುಕಿ, ಬೆರಳು ಹೋಗುವಷ್ಟು ದೂರ ಒಳಗೆ ತಳ್ಳಿದಳು. ಕಾಗದ ಜಾರಿ ಉಳಿದ ಕಾಗದಗಳ ಮೇಲೆ ಬಿತ್ತು. ಕೈ ಮಾತ್ರ ಅಲ್ಲೇ ಇತ್ತು.

“ಆಯ್ತಾ ಅಮ್ಮ?” ಹಿಂದೆ ನಿಂತಿದ್ದವರು ಯಾರೋ ಕೇಳಿದರು. ಅವರ ಕೈಯಲ್ಲೂ ಒಂದು ಲಕೋಟೆಯಿತ್ತು.

“ಹ್ಞೂಂ, ಆಯ್ತು,” ಎಂದು ಅವಳು ಕೈ ತೆಗೆದು ಪಕ್ಕಕ್ಕೆ ಸರಿದು ನಿಂತಳು.