ಆಮೆನಕ್ಕ

ಒದ್ದೆ ಬಟ್ಟೆ ಇಸ್ತ್ರಿ ಮಾಡುವ ರೋಲರ್ ಬಿಸಿಯಾಗಿ ಕಾಯಲು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ಹದಿಮೂರು ಹೆಂಗಸರು ಕೈಕಟ್ಟಿ ನಿಲ್ಲುವುದನ್ನು ನೋಡಿ ಲಾಂಡ್ರಿಯ ಯಜಮಾನರ ಹೊಟ್ಟೆ ಉರಿಯುತ್ತಿತ್ತು. ಯೋಚನೆ ಮಾಡಿ ಮಾಡಿ ಕೊನೆಗೆ ಆ ಹದಿನೈದು ನಿಮಿಷವನ್ನು ಅವರು ದೇವರಿಗೆ ಕೊಟ್ಟುಬಿಟ್ಟರು.

ಹಾಗೆ ಶುರುವಾಯಿತು ಬೆಳಗಿನ ಪ್ರಾರ್ಥನೆ. ಏಳಕ್ಕೆ ಗೇಟು ತೆರೆಯಬೇಕು, ರೋಲರ್ ಕಾಯಲು ಬಿಡಬೇಕು, ಎಲ್ಲರೂ ಮಂಡಿಯೂರಬೇಕು. ಯಜಮಾನರ ಮಂಡಿಗೆ ಒಂದು ದಿಂಬು ಇತ್ತು. ಹೆಂಗಸರ ಮಂಡಿಗೆ ಒದ್ದೆ ಸಿಮೆಂಟು. ಆಸ್ಪತ್ರೆಯಿಂದ ಬಂದ ಹಾಸಿಗೆ ಬಟ್ಟೆಗಳ ನೀರು ಅಲ್ಲೇ ಹರಿದು ಹೋಗುತ್ತಿತ್ತು. ಬ್ಲೀಚಿನ ವಾಸನೆಗೆ ಕಣ್ಣು ಉರಿದು ನೀರು ಬಂದರೆ, "ನೋಡಿ, ಪವಿತ್ರಾತ್ಮ ಹೇಗೆ ಕೆಲಸ ಮಾಡ್ತಿದೆ" ಎಂದು ಯಜಮಾನರು ಸಂತೋಷಪಡುತ್ತಿದ್ದರು.

"ನನ್ನನ್ನ ಯಜಮಾನ್ರೇ ಅನ್ನಬೇಡಿ, ಅಣ್ಣ ಅನ್ನಿ" ಎಂದು ಅವರೇ ಹೇಳಿದ್ದರು. "ಕ್ರಿಸ್ತನಲ್ಲಿ ನಾವೆಲ್ಲ ಒಂದೇ ಮನೆಯೋರು." ಚರ್ಚಿನ ಸಭೆಯ ಹಿರಿಯರು, ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವವರು ಹಾಗೆ ಅಂದಮೇಲೆ ಮುಗಿಯಿತು. ಎಲ್ಲರೂ ಅಣ್ಣ ಅಂದರು. ಅಣ್ಣನ ಹತ್ತಿರ ಕೂಲಿ ಜಾಸ್ತಿ ಕೇಳುವುದಾದರೂ ಹೇಗೆ? ಒಬ್ಬಳು ಧೈರ್ಯ ಮಾಡಿ ಕೇಳಿದ್ದಳು. ಅಣ್ಣ ಮುಖ ಸಣ್ಣದು ಮಾಡಿಕೊಂಡು, "ಮನೆಯೊಳಗೆ ವ್ಯಾಪಾರ ತಂದ್ಯಲ್ಲ ತಂಗಿ" ಅಂದರು. ಪಾಪ, ಕೇಳಿದವಳಿಗೇ ನಾಚಿಕೆಯಾಗಿ ಎರಡು ದಿನ ತಲೆ ತಗ್ಗಿಸಿಕೊಂಡು ಓಡಾಡಿದಳು.

ಪ್ರಾರ್ಥನೆಯ ಕೊನೆಗೆ ಆಮೆನ್ ಹೇಳುವ ಕೆಲಸ ಎಲ್ಲರಿಗಿಂತ ಹಳಬಳದ್ದು. ಇಪ್ಪತ್ತೆರಡು ವರ್ಷದಿಂದ ಅವಳು ರೋಲರಿನ ಮುಂದೆ ನಿಂತಿದ್ದಳು. ಅವಳು ಆಮೆನ್ ಅಂದ ಕೂಡಲೇ ಎದ್ದು ಕಂಬದ ಹಿಂದಿನ ಬಟನ್ ಒತ್ತುತ್ತಿದ್ದಳು, ರೋಲರ್ ತಿರುಗುತ್ತಿತ್ತು, ದಿನ ಶುರುವಾಗುತ್ತಿತ್ತು. "ನಮ್ಮಲ್ಲಿ ಆಮೆನ್ ಇಲ್ಲದೆ ಒಂದು ಚಕ್ರವೂ ತಿರುಗಲ್ಲ" ಎಂದು ಅಣ್ಣ ಸಭೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಹೀಗಾಗಿ ಅವಳಿಗೆ ಆಮೆನಕ್ಕ ಎಂಬ ಹೆಸರೇ ನಿಂತುಬಿಟ್ಟಿತು. ಹುಟ್ಟಿದಾಗ ಇಟ್ಟ ಹೆಸರು ಆಸ್ಪತ್ರೆ ಚೀಟಿಯಲ್ಲಿ ಮಾತ್ರ ಇತ್ತು.

ಆಮೆನಕ್ಕನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದು ದೊಡ್ಡ ಗುಣ ಎಂದು ಅವಳು ಅಂದುಕೊಂಡಿರಲಿಲ್ಲ. ಈಜು ಬರದವರು ಇರುತ್ತಾರಲ್ಲ, ಹಾಗೆ.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕಂಬಿ ಇತ್ತು. ಬಟ್ಟೆಯ ಜೊತೆ ಕೈ ಒಳಗೆ ಹೋದರೆ ಮೊದಲು ಆ ಕಂಬಿಗೆ ತಾಕುತ್ತಿತ್ತು, ತಾಕಿದ ಕೂಡಲೇ ರೋಲರ್ ನಿಲ್ಲುತ್ತಿತ್ತು. ಒಳ್ಳೆಯ ಏರ್ಪಾಡು. ಆದರೆ ದಿನಕ್ಕೆ ಹತ್ತು ಸಲ ನಿಂತರೆ ಆಸ್ಪತ್ರೆಯ ಬಟ್ಟೆ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ. ಮೂರು ವರ್ಷದ ಕೆಳಗೆ ಅಣ್ಣ ಮೆಕ್ಯಾನಿಕ್‌ನನ್ನು ಕರೆಸಿ ಕಂಬಿ ಬಿಚ್ಚಿಸಿದರು, ಕಂಬಿ ಇಲ್ಲದೆಯೂ ರೋಲರ್ ಓಡಲಿ ಎಂದು ಅದರ ಎರಡು ವೈರುಗಳನ್ನು ಸೇರಿಸಿ ಕಟ್ಟಿಸಿದರು. ಬಿಚ್ಚಿದ ಕಂಬಿಯನ್ನು ಬಿಸಾಡಲು ಮನಸ್ಸು ಬರಲಿಲ್ಲ. ಪ್ರಾರ್ಥನೆಯ ಗೋಡೆಯ ಮೇಲೆ ತೂಗುಹಾಕಲು ಹೆಂಗಸರು ಊಟದ ಬಿಡುವಿನಲ್ಲಿ ಕೂತು ಕಸೂತಿ ಹಾಕಿದ್ದ ಒಂದು ಬಟ್ಟೆ ಇತ್ತು. "ಇಂದು ಯಾರ ಸೇವೆ? ಪಾಪದ್ದೋ, ದೇವರದ್ದೋ?" ಎಂದು ಕೆಂಪು ದಾರದಲ್ಲಿ ಬರೆದದ್ದು. ಆ ಬಟ್ಟೆಗೆ ಈ ಕಂಬಿ ಅಳತೆ ಕೊಟ್ಟು ಮಾಡಿಸಿದಂತೆ ಸರಿಹೋಯಿತು. ಆಮೆನಕ್ಕನೇ ಬಿಳಿ ಪಟ್ಟಿಯಿಂದ ಏಳು ಗಂಟು ಹಾಕಿ ಕಟ್ಟಿದ್ದಳು.

ಹದಿನೆಂಟು ದಿನದ ಹಿಂದೆ ರೋಲರಿನೊಳಗೆ ಹೋದದ್ದು ಅವಳ ತಂಗಿ ಮಗಳ ಬಲಗೈ. ಕೆಲಸ ಮಾಡುತ್ತಾ ಗುನುಗುತ್ತಿದ್ದುದಕ್ಕೆ ಅವಳನ್ನು ಎಲ್ಲರೂ ಹಾಡುಗಾತಿ ಅನ್ನುತ್ತಿದ್ದರು. ತಾಯಿ ಸತ್ತ ಮೇಲೆ ದೊಡ್ಡಮ್ಮನ ಜೊತೆಯಲ್ಲೇ ಬೆಳೆದ ಹುಡುಗಿ. ಹೆಬ್ಬೆರಳು ಉಳಿಯಿತು. ಮಿಕ್ಕ ನಾಲ್ಕು ಬೆರಳು ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದು ಆಪರೇಷನ್ ಆಗದಿದ್ದರೆ ಕೈ ಹಾಗೇ ಮುದುಡಿಕೊಂಡು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಂಬಿ ಇರಲಿಲ್ಲ ಎಂದಾದರೆ ಆ ಖರ್ಚು ಲಾಂಡ್ರಿಯದ್ದು. ಕಂಬಿ ಇತ್ತು ಎಂದಾದರೆ ತಪ್ಪು ಹಾಡುಗಾತಿಯದ್ದು. ಕಾನೂನು ಅಷ್ಟೇ ಹೇಳುತ್ತಿತ್ತು. ಅದನ್ನು ತೀರ್ಮಾನ ಮಾಡಲು ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರು ಬರುವವರಿದ್ದರು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಅಣ್ಣ ಆಮೆನಕ್ಕನನ್ನು ಆಫೀಸಿಗೆ ಕರೆದು ಕುರ್ಚಿ ತೋರಿಸಿದರು. ಅವಳು ಅರ್ಧ ಕೂತಳು. ಪೂರ್ತಿ ಕೂರಲು ಅಭ್ಯಾಸವಿರಲಿಲ್ಲ.

"ಕಂಬಿ ಮತ್ತೆ ಹಾಕಿಸ್ತಾ ಇದ್ದೀನಿ ಆಮೆನಕ್ಕ."

"ಒಳ್ಳೇದಾಯ್ತು ಅಣ್ಣ. ಮೂರು ವರ್ಷ ಇರ್ಲಿಲ್ವಲ್ಲ."

"ಇರ್ಲಿಲ್ವಾ? ಎಲ್ಲಿ ಹೋಗಿತ್ತು? ಈ ಗೋಡೆ ದಾಟಿ ಆಚೆ ಹೋಗಿತ್ತಾ?"

"ಇಲ್ಲ. ನಮ್ಮ ಬಟ್ಟೆಗೆ ಕಟ್ಟಿತ್ತು."

"ಹಾಗಾದ್ರೆ ಕಂಬಿ ಇತ್ತು ಅಂದ್ರೆ ಸುಳ್ಳು ಹೇಗಾಗುತ್ತೆ? ದೇವರ ವಾಕ್ಯದ ಸೇವೇಲಿ ಇತ್ತು. ಇನ್ನೂ ದೊಡ್ಡ ಕೆಲಸ!"

ಅಣ್ಣ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ನೀವು ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತು. ಇನ್‌ಸ್ಪೆಕ್ಟರಿಗೂ ಹೇಳಿದ್ದೀನಿ. ಅದಕ್ಕೇ ನಿಮ್ಮ ಬಾಯಲ್ಲಿ ಒಂದು ಮಾತೂ ಹೇಳಿಸಲ್ಲ. ನಾಳೆ ಅವರು ಪ್ರಾರ್ಥನೆ ಹೊತ್ತಿಗೇ ಬರ್ತಾರೆ. ಕಂಬಿ ವಿಷಯ ನಾನು ಪ್ರಾರ್ಥನೇಲೇ ಸೇರಿಸ್ತೀನಿ. ಕೊನೇಲಿ ನೀವು ದಿನಾ ಅನ್ನೋ ಹಾಗೆ ಆಮೆನ್ ಅನ್ನಿ. ಸಾಕು."

"ಆಮೆನ್ ಅಂದ್ರೆ ಹೌದು ಅಂದ ಹಾಗಲ್ವಾ ಅಣ್ಣ?"

"ಪಾಪ ಬಂದ್ರೆ ಪ್ರಾರ್ಥನೆ ಮಾಡ್ದೋನಿಗೆ ಬರುತ್ತೆ. ನಿಮಗ್ಯಾಕೆ ತಲೆನೋವು?" ಅಣ್ಣ ಮೂಲೆ ಕಡೆ ಕೈ ತೋರಿಸಿದರು. ಅಲ್ಲೊಂದು ಹೊಸ ಸ್ಟೂಲು ಇತ್ತು. "ಅದು ನಿಮಗೆ. ಸೋಮವಾರದಿಂದ ನೀವು ಮೇಲ್ವಿಚಾರಕಿ. ಕೂತ್ಕೊಂಡು ಮಾಡೋ ಕೆಲಸ. ಬೇಡ ಅಂದ್ರೆ ಬಲವಂತ ಇಲ್ಲ. ಗೇಟಿನ ಹತ್ರ ಕೆಲಸ ಕೇಳ್ಕೊಂಡು ದಿನಾ ಎಷ್ಟು ಜನ ನಿಂತಿರ್ತಾರೆ, ನೀವೇ ನೋಡಿದ್ದೀರಿ."

ಇಪ್ಪತ್ತೆರಡು ವರ್ಷ ನಿಂತ ಕಾಲುಗಳು. ಆ ಸ್ಟೂಲನ್ನು ನೋಡಿ ಅವಳಿಗೆ ಆಸೆಯಾಗಲಿಲ್ಲ ಅಂದರೆ ಅದೇ ಸುಳ್ಳಾಗುತ್ತದೆ. ಆಸೆಯಾಯಿತು. ಚೆನ್ನಾಗಿಯೇ ಆಯಿತು.

ಸಂಜೆ ಮನೆಯಲ್ಲಿ ಹಾಡುಗಾತಿಗೆ ಊಟ ಕಲಸಿ ಬಾಯಿಗಿಡುತ್ತಾ ಎಲ್ಲ ಹೇಳಿದಳು.

"ಅಂದುಬಿಡು ದೊಡ್ಡಮ್ಮ" ಎಂದಳು ಹುಡುಗಿ. "ನನ್ನ ಕೈಯಂತೂ ಹೋಯ್ತು. ನಿನ್ನ ಕಾಲಾದ್ರೂ ಉಳೀಲಿ. ಇಬ್ರೂ ಮನೇಲಿ ಕೂತ್ರೆ ಒಲೆ ಹಚ್ಚೋರ್ಯಾರು?"

"ಪಾಪ ಕಣೇ."

"ಪಾಪದ ಸೇವೆನೋ ದೇವರ ಸೇವೆನೋ ಅಂತ ದಿನಾ ಕೇಳ್ತಾರಲ್ಲ ನಿಮ್ಮಣ್ಣ. ಎರಡಕ್ಕೂ ಹೋಗೋ ಗೇಟು ಒಂದೇ. ಸಂಬಳ ಕೊಡೋ ಕೈಯೂ ಒಂದೇ." ಹುಡುಗಿ ನಕ್ಕಳು. ನಗುವಾಗ ಬ್ಯಾಂಡೇಜಿನ ಕೈ ಅಲುಗಿ ನೋವಾಗಿ ತುಟಿ ಕಚ್ಚಿಕೊಂಡಳು. ಆಮೆನಕ್ಕನ ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ರೋಲರಿಗೆ ಕಂಬಿ ಬಂದಿತ್ತು. ಕಸೂತಿಯ ಬಟ್ಟೆ ನೆಲ ಒರೆಸುವ ಕೋಲಿಗೆ ತೂಗುಬಿದ್ದಿತ್ತು. ಪಕ್ಕದಲ್ಲಿ ಸ್ಟೂಲು. ಇನ್‌ಸ್ಪೆಕ್ಟರು ಬಗಲಲ್ಲಿ ಫೈಲು ಹಿಡಿದು ನಿಂತಿದ್ದರು. ಒದ್ದೆ ನೆಲ ನೋಡಿ, "ನಾನು ನಿಂತೇ ಇರ್ತೀನಿ, ನೀವು ಮುಂದುವರಿಸಿ" ಎಂದರು. ಹೆಂಗಸರು ಮಂಡಿಯೂರಿದರು. ಹನ್ನೆರಡು ಜನ. ಹಾಡುಗಾತಿಯ ಜಾಗಕ್ಕೆ ಯಾರೂ ಸರಿಯಲಿಲ್ಲ.

ಅಣ್ಣ ದಿಂಬಿನ ಮೇಲೆ ಮಂಡಿಯೂರಿ ಕಣ್ಣು ಮುಚ್ಚಿದರು.

"ಕರ್ತನೇ, ಈ ಲಾಂಡ್ರಿ ನಿನ್ನದು. ನಾನು ಬರೀ ಸೇವಕ. ಬಟ್ಟೆಯ ಕೊಳೆ ತೊಳೆಯುವ ಹಾಗೆ ನಮ್ಮ ಪಾಪ ತೊಳೆ. ನಿನ್ನ ಮಕ್ಕಳ ರಕ್ಷಣೆಗೆ ಈ ಕಂಬಿ ಕೊಟ್ಟವನು ನೀನು. ಮೊದಲ ದಿನದಿಂದ ಈವರೆಗೆ ಅದನ್ನು ರೋಲರಿನ ಮುಂದೆ ಕಾಪಾಡಿದವನು ನೀನು. ಅಜಾಗ್ರತೆಯಿಂದ ಕೈ ಸುಟ್ಟುಕೊಂಡ ಆ ಮಗಳನ್ನು ಕ್ಷಮಿಸು. ಬೇಡಿಕೊಳ್ಳುತ್ತೇವೆ ತಂದೆಯೇ..."

ಆಮೆನಕ್ಕ ಕಣ್ಣು ತೆರೆದಳು. ಕಂಬಿ ಎದುರಿಗೇ ಇತ್ತು. ಅವಸರದಲ್ಲಿ ಕತ್ತರಿ ಹಾಕಿ ಬಟ್ಟೆ ಬಿಡಿಸಿದ್ದರು. ಬಿಳಿ ಪಟ್ಟಿಯ ಏಳು ಗಂಟೂ ಕಂಬಿಯ ಮೇಲೆ ಹಾಗೇ ಉಳಿದಿದ್ದವು. ಅವಳದೇ ಕೈಯ ಗಂಟುಗಳು.

"ಬೇಡಿಕೊಳ್ಳುತ್ತೇವೆ ತಂದೆಯೇ" ಎಂದರು ಅಣ್ಣ ಮತ್ತೆ.

ಅಣ್ಣ ಒಂದು ಕಣ್ಣು ತೆರೆದರು. "ಆಮೆನಕ್ಕ, ಆಮೆನ್."

"ಇದಕ್ಕೆ ಬರಲ್ಲ ಅಣ್ಣ."

"ಏನು?"

"ನಾಲಿಗೆ ಏಳ್ತಿಲ್ಲ. ಸಾರ್, ಆ ಗಂಟು ನೋಡಿ. ನಾನೇ ಕಟ್ಟಿದ್ದು. ಮೂರು ವರ್ಷ ಕಂಬಿ ಈ ಗೋಡೆ ಮೇಲಿತ್ತು."

ಇನ್‌ಸ್ಪೆಕ್ಟರು ಗಂಟು ನೋಡಿದರು, ಗೋಡೆ ನೋಡಿದರು, ಅಣ್ಣನನ್ನೂ ನೋಡಿದರು. ಆಮೇಲೆ ಪೆನ್ನು ತೆಗೆದರು. "ನೋಡಮ್ಮಾ, ಪ್ರಾರ್ಥನೆ ವಿಷಯಕ್ಕೆ ಇಲಾಖೆ ತಲೆ ಹಾಕಲ್ಲ. ನಾನು ಮಷೀನು ನೋಡೋಕೆ ಬಂದೋನು. ಕಂಬಿ ಇದೆ. ಇದೆ ಅಂತ ಬರೀತೀನಿ. ಕೆಲಸದೋರ ಕಡೆಯಿಂದ ಯಾರಾದ್ರೂ ಒಬ್ರು ಇಲ್ಲಿ ಸಹಿ ಹಾಕಿ."

ಅಣ್ಣನ ಮುಖ ಅರಳಿತು. "ಏಳಿ ಏಳಿ, ಹೊತ್ತಾಯ್ತು. ಯಾರು ಹಾಕ್ತೀರಿ ಸಹಿ?"

ಒಬ್ಬರೂ ಏಳಲಿಲ್ಲ.

"ಪ್ರಾರ್ಥನೆ ಮುಗಿದಿಲ್ವಲ್ಲ ಅಣ್ಣ" ಎಂದಳು ಬಟ್ಟೆ ಮಡಿಸುವವಳು, ಕಣ್ಣು ತೆರೆಯದೆ. "ಆಮೆನ್ ಇಲ್ಲದೆ ಇಲ್ಲಿ ಚಕ್ರ ತಿರುಗಲ್ಲ ಅಂತ ನೀವೇ ಅಲ್ವಾ ಹೇಳೋದು?" ಹಾಗೆಂದು ಅವಳೇ ಶುರು ಮಾಡಿದಳು. "ಕರ್ತನೇ, ಆ ಕಂಬಿ ಎಲ್ಲಿತ್ತು ಅಂತ ನಿನಗೆ ಗೊತ್ತು. ನಾವೂ ದಿನಾ ಅದರ ಕೆಳಗೇ ಮಂಡಿಯೂರಿದ್ವಿ."

"ಆಮೆನ್" ಎಂದಳು ಆಮೆನಕ್ಕ. ಈ ಸಲ ನಾಲಿಗೆ ಸರಾಗವಾಗಿ ಎದ್ದಿತು.

ಹಿಂಡುವ ಮಷೀನಿನವಳು ಮುಂದುವರಿಸಿದಳು. "ತಂದೆಯೇ, ವೈರು ಇನ್ನೂ ಕಟ್ಟಿದ ಹಾಗೇ ಇದೆ. ಈಗಲೂ ಕಂಬಿ ಮುಟ್ಟಿದ್ರೆ ಮಷೀನು ನಿಲ್ಲಲ್ಲ. ಸಾರ್‌ಗೆ ಒಂದ್ಸಲ ಮುಟ್ಟಿ ನೋಡೋ ಬುದ್ಧಿ ಕೊಡು."

"ಆಮೆನ್!" ಈಗ ಹನ್ನೆರಡು ಬಾಯಿ.

ಇನ್‌ಸ್ಪೆಕ್ಟರು ಕಂಬಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಪೆನ್ನಿನ ಮುಚ್ಚಳ ತೆರೆದೇ ಇತ್ತು. ಸಹಿಯ ಜಾಗ ಖಾಲಿ ಇತ್ತು.

ಮೂರನೆಯವಳು ಶುರು ಮಾಡಿದಳು. ಅಣ್ಣ ತಡೆಯಲು ಬಾಯಿ ತೆರೆದರು, ಮುಚ್ಚಿದರು. ಸಭೆಯ ಹಿರಿಯರಾಗಿ ಪ್ರಾರ್ಥನೆ ನಿಲ್ಲಿಸಿ ಎನ್ನುವುದು ಹೇಗೆ? ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಕಾದ ರೋಲರ್ ತಿರುಗುತ್ತಲೇ ಇರಬೇಕು. ನಿಂತರೆ ಅದಕ್ಕೆ ಸುತ್ತಿದ ದಪ್ಪ ಬಟ್ಟೆ ಒಂದೇ ಕಡೆ ಹೊತ್ತಿಕೊಳ್ಳುತ್ತದೆ. ತೆಳ್ಳಗೆ ಹೊಗೆ ಏಳತೊಡಗಿತು.

ಅಣ್ಣ ದಿಂಬು ಬಿಟ್ಟು ಕಂಬದ ಹಿಂದಕ್ಕೆ ಓಡಿದರು. ಅಲ್ಲಿ ಹನ್ನೊಂದು ಬಟನ್‌ಗಳಿದ್ದವು. ಒದ್ದೆ ಕೈ ತಾಕಿ ತಾಕಿ ಅವುಗಳ ಮೇಲಿನ ಅಕ್ಷರ ಅಳಿಸಿ ಹೋಗಿ ಎಷ್ಟೋ ಕಾಲವಾಗಿತ್ತು. ಒಂದು ಒತ್ತಿದರು. ಫ್ಯಾನು ತಿರುಗಿತು. ಇನ್ನೊಂದು ಒತ್ತಿದರು. ದೀಪ ಆರಿತು. ಮತ್ತೊಂದಕ್ಕೆ ನೀರಿನ ಪಂಪು ಗುರ್ ಅಂದಿತು.

"ಯಾವ ಬಟನ್ ಕಣೇ? ಬೇಗ ಬೊಗಳು!"

ಆಮೆನಕ್ಕ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದಳು. ಸ್ಟೂಲು ಎಳೆದುಕೊಂಡು ಕೂತಳು. ಪೂರ್ತಿ ಕೂತಳು.

"ಹೇಳ್ತೀನಿ ಅಣ್ಣ. ಮೊದಲು ನೀವು ಮಂಡಿಯೂರಿ, ಕಂಬಿ ಎಲ್ಲಿತ್ತು ಅಂತ ಸರಿಯಾಗಿ ಪ್ರಾರ್ಥನೆ ಮಾಡಿ. ಸಾರ್ ಬರ್ಕೊಳ್ಳಲಿ. ಆಮೆನ್ ನಾನು ಅಂತೀನಿ."

ಅಣ್ಣ ಹೊಗೆಯನ್ನು ನೋಡಿದರು, ಇನ್‌ಸ್ಪೆಕ್ಟರನ್ನು ನೋಡಿದರು. ಮಬ್ಬುಗತ್ತಲಲ್ಲಿ ತಮ್ಮ ದಿಂಬಿಗಾಗಿ ತಡಕಾಡಿದರು.

"ದಿಂಬು ಬೇಡ ಅಣ್ಣ" ಎಂದಳು ಬಟ್ಟೆ ಮಡಿಸುವವಳು. "ನಾವೆಲ್ಲ ಒಂದೇ ಮನೆಯೋರು. ಇಲ್ಲಿ ಬನ್ನಿ."

ಮಂಡಿಯೂರಿದ್ದ ಹೆಂಗಸರ ನಡುವೆ ಒದ್ದೆ ಸಿಮೆಂಟಿನ ಮೇಲೆ ಹಾಡುಗಾತಿಯ ಜಾಗ ಖಾಲಿ ಇತ್ತು. ಬಟ್ಟೆ ಮಡಿಸುವವಳು ಅದನ್ನೇ ಕೈಯಿಂದ ಒರೆಸಿ ತೋರಿಸಿದಳು.